ಕಡಿಮೆ ಖರ್ಚಿನ ಸಿನಿಮಾಕ್ಕೆ ಖರ್ಚು ಮಾಡುವವರು ಯಾರು?



ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ಹಾಸನದ ನಮ್ಮ ಮನೆಗೆ ಇಬ್ಬರು ತರುಣರು ಬಂದರು. ಒಬ್ಬನು ಹೊಳೆನರಸೀಪುರದಲ್ಲಿ ನಾನು ಪಾಠ ಹೇಳಿದ ಹುಡುಗ. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಇನ್ನೊಬ್ಬನು ಅವನ ಗೆಳೆಯ, ಕ್ಯಾಮೆರಾ ಕೆಲಸ ಬಲ್ಲವನು. ಇಬ್ಬರೂ ಸೇರಿ ಒಂದು ಕನ್ನಡ ಚಿತ್ರವನ್ನು ಮಾಡಲು ಹೊರಟಿದ್ದಾರೆ. ದೊಡ್ಡ ನಿರ್ಮಾಪಕರಿಲ್ಲ, ತಾರೆಯರಿಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. ತಂಡದಲ್ಲಿರುವವರು ಒಟ್ಟು 9 ಜನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಅಂದರೆ ನಾನು ವರ್ಗಾವಣೆಯ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಮೂವತ್ತು ವರ್ಷಗಳಿಗೂ ಮಿಕ್ಕಿ ತಿರುಗಿದ ಇದೇ ನಾಲ್ಕು ತಾಲ್ಲೂಕುಗಳಲ್ಲಿ, 18 ದಿನಗಳೊಳಗೆ ಚಿತ್ರೀಕರಣವನ್ನು ಮುಗಿಸಬೇಕೆಂಬುದು ಅವರ ಸಂಕಲ್ಪ.

ನನಗೆ ಸಂತೋಷವೇ ಆಯಿತು. ಕಾಫಿ ಕುಡಿಯುತ್ತಾ ಕಥೆಯನ್ನು ಕೇಳಿದೆ. ಕಥೆ ಚೆನ್ನಾಗಿತ್ತು. ಅನಂತರ ಅವರು ಬಂದ ಉದ್ದೇಶ ತಿಳಿಯಿತು. ನಾನು ಸಂಭಾಷಣೆಯನ್ನು ತಿದ್ದಿಕೊಡಬೇಕು. ಪರಿಚಯದ ಒಂದು ಶಾಲೆಯ ಕಟ್ಟಡವನ್ನು ಕೊಡಿಸಬೇಕು. ಮೂವತ್ತು ಮಕ್ಕಳನ್ನು ಹೊಂದಿಸಬೇಕು. ಹಳ್ಳಿಗಳಲ್ಲಿ ಉಳಿಯಲು ಮನೆ ಮತ್ತು ಊಟದ ಬಗ್ಗೆ ಊರವರಿಗೆ ಒಂದು ಮಾತು ಹೇಳಬೇಕು.

ಹುಡುಗನು ಬೆರಳಚ್ಚು ಮಾಡಿದ ಖರ್ಚಿನ ಅಂದಾಜುಪಟ್ಟಿಯನ್ನೂ ತಂದಿದ್ದ. ಮೇಷ್ಟರ ಕೈಗೆ ಯಾವ ಕಾಗದ ಸಿಕ್ಕಿದರೂ ಕೆಂಪು ಶಾಯಿಯ ಪೆನ್ನು ತಾನಾಗಿಯೇ ಎದ್ದು ಬರುತ್ತದೆ. ಓದುತ್ತಾ ಹೋದೆ. ಕ್ಯಾಮೆರಾ, ಲೆನ್ಸು, ದೀಪ, ಮೈಕುಗಳ ಬಾಡಿಗೆ ದಿನಕ್ಕೆ 20,000 ರೂಪಾಯಿಯಂತೆ 18 ದಿನಕ್ಕೆ 3,60,000. ವ್ಯಾನು, ಡೀಸೆಲ್ಲು, ಹಾರ್ಡ್ ಡಿಸ್ಕು, ಸಂಕಲನ, ಧ್ವನಿಮಿಶ್ರಣ, ಸೆನ್ಸಾರ್ ಪ್ರಮಾಣಪತ್ರದ ವೆಚ್ಚ, ಎಲ್ಲವೂ ಇದ್ದವು. ವಿದೇಶಿ ಚಲನಚಿತ್ರೋತ್ಸವಗಳ ಪ್ರವೇಶ ಶುಲ್ಕವೆಂದು ಡಾಲರಿನಲ್ಲಿ ಒಂದು ಮೊತ್ತವೂ ಇತ್ತು. ಎರಡನೆಯ ಪುಟದ ಕೆಳಗೆ ಒಂದು ಸಾಲು: ‘ಸ್ಥಳೀಯ ಸಹಕಾರ’. ಅದರ ಎದುರಿಗೆ ಒಂದು ದುಂಡನೆಯ ಸೊನ್ನೆ.

“ಇದೇನಪ್ಪಾ?” ಎಂದು ಅಡಿಗೆರೆ ಎಳೆದು ಕೇಳಿದೆ.

“ಅದಕ್ಕೆ ಖರ್ಚಿಲ್ಲ ಸರ್. ಊರಿನವರು ಪ್ರೀತಿಯಿಂದ ಮಾಡಿಕೊಡುತ್ತಾರೆ. ನೀವು ಒಂದು ಮಾತು ಹೇಳಿದರೆ ಸಾಕು.”

ಆ ಸೊನ್ನೆಯ ವಿಷಯವಾಗಿಯೇ ಈ ಲೇಖನ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಅರಕಲಗೂಡು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಇಂಥದೇ ಒಂದು ಸಣ್ಣ ತಂಡ ಬಂದಿತು. ಅವರಿಗೊಂದು ರಾಗಿ ಹೊಲ ಬೇಕಿತ್ತು, ಶಾಲಾಮಕ್ಕಳು ಬೇಕಿದ್ದರು. “ಎರಡು ಗಂಟೆಯ ಕೆಲಸ ಸರ್” ಎಂದರು. ನಾನು ನನ್ನ ವಿದ್ಯಾರ್ಥಿಯೊಬ್ಬನ ತಂದೆಯ ಬಳಿಗೆ ಹೋಗಿ, ಒಳ್ಳೆಯ ಹುಡುಗರು, ಕಲೆಯ ಕೆಲಸ, ಸ್ವಲ್ಪ ಹೊಲ ಬಿಟ್ಟುಕೊಡಿ ಎಂದೆ. ಅವರು ಮರುಮಾತಾಡದೆ ಒಪ್ಪಿದರು. ನವೆಂಬರ್ ತಿಂಗಳ ಕೊನೆ. ತೆನೆ ಬಲಿತು ಕೊಯ್ಲಿಗೆ ನಿಂತಿದ್ದ ಕಾಲ.

ಎರಡು ಗಂಟೆಯ ಕೆಲಸವು ಎರಡು ದಿನವಾಯಿತು. ಕ್ಯಾಮೆರಾವನ್ನು ಎಲ್ಲಿ ಇಡಬೇಕೆಂಬುದನ್ನೇ ಅವರು ಮೊದಲು ನಿಶ್ಚಯಿಸಿರಲಿಲ್ಲ. ಇಲ್ಲಿಟ್ಟು ನೋಡಿದರು, ಅಲ್ಲಿಟ್ಟು ನೋಡಿದರು, ಬದುವಿನ ಮೇಲಿಟ್ಟು ನೋಡಿದರು. ಇಟ್ಟ ಕಡೆಯೆಲ್ಲ ನಟನು ತೆನೆಗಳ ನಡುವೆ ಓಡಿದನು. ನಾನು ಎಣಿಸಿದೆ, ಹದಿನೇಳು ಸಲ. ಅತ್ತ ಮಕ್ಕಳು ಬೆಳಿಗ್ಗೆ ಹತ್ತರಿಂದ ಬಿಸಿಲಿನಲ್ಲಿ ತಮ್ಮ ಸರದಿಗಾಗಿ ನಿಂತಿದ್ದರು. ಊಟ ಬಂದದ್ದು ನಾಲ್ಕು ಗಂಟೆಗೆ. ಅಷ್ಟರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು. ಕಾಲು ಎಕರೆಯಷ್ಟು ರಾಗಿ ನೆಲ ಕಚ್ಚಿತು. ಮುಂದಿನ ವಾರ ಪರಿಹಾರ ಕಳಿಸುತ್ತೇವೆ ಎಂದು ಹೇಳಿ ಹೋದವರ ದೂರವಾಣಿಯು ಮುಂದಿನ ತಿಂಗಳಿನಿಂದ ಮೌನವಾಯಿತು. ಆ ಚಿತ್ರವು ತೆರೆ ಕಂಡ ಸುದ್ದಿಯನ್ನೂ ನಾನು ಕೇಳಲಿಲ್ಲ.

ನಾನೇ ಸ್ವಲ್ಪ ಹಣ ತೆಗೆದುಕೊಂಡು ಆ ರೈತರ ಮನೆಗೆ ಹೋದೆ. ಅವರು ಮುಟ್ಟಲಿಲ್ಲ. “ನಿಮ್ಮ ಮುಖ ನೋಡ್ಕಂಡು ಹೊಲ ಬುಟ್ಟಿದ್ದು ಮೇಷ್ಟ್ರೇ, ದುಡ್ಡಿಗಲ್ಲ” ಎಂದರು. ಅವರು ಬೈದಿದ್ದರೆ ನಾನು ಮರೆಯುತ್ತಿದ್ದೆನೇನೋ. ಆ ಮಾತನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ. ತಂಡದ ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಾಗಿದ್ದುದು ಆ ರೈತರ ಮನೆಯಲ್ಲಿ ಕಾಲು ಎಕರೆ ರಾಗಿಯಾಗಿತ್ತು.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಸಿದ್ಧರಾಗಿರಲಿಲ್ಲ, ಅಷ್ಟೆ. ಆದರೆ ಅವರ ಅಸಿದ್ಧತೆಯ ದಂಡವನ್ನು ತೆತ್ತವರು ಬೇರೆಯವರು. ನನ್ನ ವಾದವೂ ಇಷ್ಟೇ: ಕಡಿಮೆ ಖರ್ಚಿನ ಚಿತ್ರವೆಂಬುದು ಹೆಚ್ಚು ಸಿದ್ಧತೆಯ ಚಿತ್ರವಾಗಿರಬೇಕು. ಸಿದ್ಧತೆಯಿಲ್ಲದೆ ಖರ್ಚನ್ನು ಮಾತ್ರ ಇಳಿಸಿದರೆ, ಆ ಖರ್ಚು ಮಾಯವಾಗುವುದಿಲ್ಲ. ಕೇಳಲು ಬಾಯಿಲ್ಲದವರ ತಲೆಯ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ.

ಬಡತನದಲ್ಲಿ ಒಳ್ಳೆಯ ಚಿತ್ರ ಹುಟ್ಟುವುದಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆಗೆದ ‘ಸಂಸ್ಕಾರ’ಕ್ಕೆ ಆದ ವೆಚ್ಚ ಒಂದು ಲಕ್ಷ ರೂಪಾಯಿಗಿಂತ ಕಡಿಮೆ. ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲವನ್ನು ಪಡೆದ ಮೊದಲ ಕನ್ನಡ ಚಿತ್ರ ಅದು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದರು, ಲಂಕೇಶರು ನಾರಣಪ್ಪನಾದರು, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಆ ಗುಂಪಿನಲ್ಲಿ ಹಲವರಿಗೆ ಹವ್ಯಾಸಿ ರಂಗಭೂಮಿಯ ನಂಟಿತ್ತು. ತಾಲೀಮು ಎಂದರೇನು ಎಂಬುದು ಅವರಿಗೆ ಗೊತ್ತಿತ್ತು. ಅಂದು ಕಚ್ಚಾ ಫಿಲ್ಮಿನ ಬೆಲೆ ಬಲು ದುಬಾರಿ. ಒಂದೊಂದು ಅಡಿ ಸುತ್ತಿದಾಗಲೂ ದುಡ್ಡು ಸುಡುತ್ತಿತ್ತು. ಆದ್ದರಿಂದ ಗುಂಡಿ ಒತ್ತುವ ಮುನ್ನ ಯೋಚಿಸಲೇಬೇಕಿತ್ತು. ಇಂದು ಹೆಬ್ಬೆರಳಿನ ಉಗುರಿನಷ್ಟಿರುವ ಕಾರ್ಡಿನಲ್ಲಿ ಗಂಟೆಗಟ್ಟಲೆ ತುಂಬಬಹುದು. ಹದಿನೇಳು ಸಲ ಓಡಿಸಿದರೂ ತಂಡಕ್ಕೆ ನಷ್ಟವಿಲ್ಲ, ನಷ್ಟವೆಲ್ಲ ರಾಗಿಯದು. ಯಂತ್ರ ಅಗ್ಗವಾದಂತೆ ಮನುಷ್ಯನ ಹೊತ್ತನ್ನೂ ಅಗ್ಗವೆಂದು ಎಣಿಸುವ ಚಾಳಿ ಬೆಳೆಯಿತೆಂದು ನನಗೆ ತೋರುತ್ತದೆ.

ಇತ್ತೀಚಿನ ಉದಾಹರಣೆ ಬೇಕೆನ್ನುವವರಿಗೆ ‘ತಿಥಿ’ ಇದೆ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿಯವರು ತೆಗೆದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೌರವ ಪಡೆದು, 2016ರ ಮೇ ತಿಂಗಳಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಅದರಲ್ಲಿ ವೃತ್ತಿನಟರಿಲ್ಲ, ಎಲ್ಲರೂ ಹಳ್ಳಿಯವರೇ ಎಂಬ ಮಾತನ್ನು ನನ್ನ ಮನೆಗೆ ಬಂದ ಹುಡುಗರೂ ಹೇಳಿದರು, ಹಳ್ಳಿಯವರಾದ್ದರಿಂದ ಕೆಲಸ ಸುಲಭವಾಯಿತು ಎಂಬಂತೆ! ಅವರು ಮರೆತ ಸಂಗತಿ ಬೇರೆ ಇದೆ. ಕಥೆಯನ್ನು ಜೊತೆಯಲ್ಲಿ ಬರೆದ ಈರೇಗೌಡರಿಗೆ ಅದು ಹುಟ್ಟಿ ಬೆಳೆದ ಊರು. ಪಾತ್ರಗಳನ್ನು ಮೊದಲು ಕಲ್ಪಿಸಿ ಆಮೇಲೆ ಮನುಷ್ಯರನ್ನು ಹುಡುಕಿದ್ದಲ್ಲ. ಊರಿನ ಮನುಷ್ಯರನ್ನು ನೋಡಿ ನೋಡಿ, ಅವರ ನಡೆನುಡಿಗೆ ತಕ್ಕಂತೆ ಪಾತ್ರಗಳನ್ನು ಕಟ್ಟಿದ್ದು. ಅಷ್ಟು ಕಾಲ ಊರಿನಲ್ಲಿ ಕುಳಿತಿರುವುದಕ್ಕೆ ಕ್ಯಾಮೆರಾ ಬಾಡಿಗೆ ಬೇಕಿಲ್ಲ, ತಾಳ್ಮೆ ಬೇಕು.

ಇನ್ನೊಂದು ಬಗೆಯ ಪ್ರಾಮಾಣಿಕತೆಯನ್ನು ‘ಲೂಸಿಯಾ’ದಲ್ಲಿ ಕಂಡೆವು. ನಿರ್ಮಾಪಕರು ದೊರೆಯದಾದಾಗ ಪವನ್ ಕುಮಾರ್ ಅವರು ಅಂತರ್ಜಾಲದಲ್ಲಿ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಹೊಂದಿಸಿದರು. 2013ರಲ್ಲಿ ಚಿತ್ರ ಬಂದಿತು. ಅಲ್ಲಿ ಹಣ ಕೊಟ್ಟವರಿಗೆ ತಾವು ಕೊಡುತ್ತಿರುವುದು ಎಷ್ಟು, ಏತಕ್ಕೆ ಎಂಬುದು ಗೊತ್ತಿತ್ತು. ಅರಕಲಗೂಡಿನ ಆ ರೈತರಿಗೆ ತಾವು ಒಂದು ಚಿತ್ರಕ್ಕೆ ಬಂಡವಾಳ ಹೂಡುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ಇದೇ ವ್ಯತ್ಯಾಸ.

ನನ್ನ ಶಿಷ್ಯನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ವಾದಿಸಿದನು, ಅದು ನನಗೆ ಮೆಚ್ಚಿಗೆಯೇ ಆಯಿತು. “ಹಳ್ಳಿಯವರ ಅತಿಥಿಸತ್ಕಾರಕ್ಕೆ ಬೆಲೆ ಕಟ್ಟಿದರೆ ಅವರಿಗೇ ಅವಮಾನವಲ್ಲವೇ ಸರ್?” ಎಂದನು. ಅಲ್ಲವಯ್ಯಾ. ಒಂದು ಹೊತ್ತಿನ ಊಟಕ್ಕೆ ಹಣ ಕೊಡಹೋದರೆ ಅವಮಾನ. ಹದಿನೆಂಟು ದಿನ 9 ಜನಕ್ಕೆ ಒಲೆ ಉರಿಸಿದ ಹೆಂಗಸಿಗೆ ಕೂಲಿ ಕೊಡದಿರುವುದು ಅವಮಾನ. ನೆಂಟ ಬಂದರೆ ಮೂರು ದಿನಕ್ಕೆ ಹೊರಡಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಾಲ್ಕನೆಯ ದಿನದಿಂದ ಅದು ಸತ್ಕಾರವಲ್ಲ, ದುಡಿಮೆ.

“ನಾವೂ ಸಂಬಳ ತೆಗೆದುಕೊಳ್ಳುತ್ತಿಲ್ಲವಲ್ಲ” ಎಂದನು. ನಿಜ. ಆದರೆ ಚಿತ್ರ ಗೆದ್ದರೆ ನಿಮ್ಮ ಹೆಸರು ಬರುತ್ತದೆ, ಮುಂದಿನ ಅವಕಾಶ ಬರುತ್ತದೆ. ಅಡುಗೆ ಮಾಡಿದಾಕೆಗೆ ಏನು ಬರುತ್ತದೆ? ನೀನು ನಿನ್ನ ಕನಸಿಗೆ ಪಣವಿಟ್ಟಿರುವೆ. ಆಕೆ ನಿನ್ನ ಕನಸಿಗೆ ಪಣವಿಡಬೇಕೇ?

“ಸರ್ಕಾರದ ಸಹಾಯಧನ ಬಂದಾಗ ಕೊಡುತ್ತೇವೆ” ಎಂಬುದು ಮೂರನೆಯ ಮಾತು. ಸಹಾಯಧನವು ಮುಗಿದ ಚಿತ್ರಕ್ಕೆ, ಪ್ರಮಾಣಪತ್ರ ಪಡೆದ ಮೇಲೆ, ಸಮಿತಿಯು ನೋಡಿ ಆರಿಸಿದರೆ ಸಿಗುವಂಥದು. ಆರಿಸದಿದ್ದರೆ? ಬಾರದ ಮಳೆಯನ್ನು ನಂಬಿ ಬೀಜದ ಸಾಲ ಮಾಡಬಾರದೆಂದು ನಮ್ಮ ರೈತರಿಗೆ ಗೊತ್ತಿದೆ, ಕಲಾವಿದರಿಗೂ ಗೊತ್ತಿರಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ವಾದಕ್ಕೇ ಇಳಿಯಲಿಲ್ಲ. ಇದು ಮೇಷ್ಟರ ದಾಕ್ಷಿಣ್ಯದಿಂದ ಬಗೆಹರಿಯುವ ಸಂಗತಿಯಲ್ಲ, ಕಾನೂನಿನ ಸಂಗತಿ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದಿವೆ. ಚಿತ್ರದಲ್ಲಿ ಮಕ್ಕಳಿಂದ ಕೆಲಸ ಮಾಡಿಸಬೇಕಾದರೆ ಮೊದಲು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು. ಬಿಡುವಿಲ್ಲದೆ 3 ಗಂಟೆ ಮೀರಬಾರದು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುಳ್ಳವರು ಇರಬೇಕು. ಓದು ನಿಲ್ಲಬಾರದು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಮಾಡಿಸಬಾರದು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಗಳಿಕೆಯೇ ಸೊನ್ನೆಯಾದರೆ ಸೊನ್ನೆಯ ಶೇಕಡಾ 20 ಎಷ್ಟು? ಈ ಲೆಕ್ಕವನ್ನು ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ. ಹಾಗೆಯೇ ಎತ್ತು, ಮೇಕೆ, ನಾಯಿಗಳನ್ನು ತೋರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಹಳೇಬೀಡಿನಂಥ ಸಂರಕ್ಷಿತ ದೇಗುಲದಲ್ಲಿ ತೆಗೆಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇವೆಲ್ಲಕ್ಕೂ ಮುಖ್ಯವಾಗಿ ಬೇಕಾದದ್ದು ಸಮಯ, ಅಂದರೆ ಸಿದ್ಧತೆ.

“ಹಾಗಾದರೆ ಊರವರಿಗೆ ಕೊಡುವ ಹಣವನ್ನು ಎಲ್ಲಿಂದ ತರಲಿ ಸರ್?” ಎಂದು ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಅದೇ ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದೆ.

ಅಡುಗೆಯವರು, ಮನೆ ಬಿಟ್ಟುಕೊಟ್ಟವರು, ಸಣ್ಣ ಪಾತ್ರದವರು, ಸಾಮಾನು ಹೊರುವವರು ಎಲ್ಲ ಸೇರಿ ದಿನಕ್ಕೆ 20 ಜನ, ತಲೆಗೆ 500 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 10,000. ಹದಿನೆಂಟು ದಿನಕ್ಕೆ 1,80,000. ಹುಡುಗನ ಮುಖ ಬಾಡಿತು. ಈಗ ಚಿತ್ರೀಕರಣವನ್ನು 12 ದಿನಕ್ಕೆ ಇಳಿಸು ಎಂದೆ. ಊರವರಿಗೆ 1,20,000. ಕ್ಯಾಮೆರಾ ಬಾಡಿಗೆಯಲ್ಲಿ 6 ದಿನ ಉಳಿಯಿತು. ದಿನಕ್ಕೆ 20,000ದಂತೆ ಅದೂ 1,20,000. ಕೂಡಿ ಕಳೆದರೆ ಒಂದು ರೂಪಾಯಿಯೂ ಹೆಚ್ಚಿಗೆ ಬೇಕಿಲ್ಲ. ಬೇಕಾದದ್ದು ಆ ಆರು ದಿನಗಳನ್ನು ಉಳಿಸುವ ಬುದ್ಧಿ.

ಅವನ್ನು ಉಳಿಸುವುದು ಹೇಗೆ? ಬಿ.ಎಡ್. ಓದುವಾಗ ನಮಗೆ ಪಾಠಟಿಪ್ಪಣಿ ಬರೆಸುತ್ತಿದ್ದರು. ನಲವತ್ತು ನಿಮಿಷದ ಪಾಠಕ್ಕೆ ಹಿಂದಿನ ರಾತ್ರಿ ಎರಡು ಗಂಟೆಯ ಕೆಲಸ. ಅಂದು ಬೈದುಕೊಂಡು ಬರೆದೆವು; ತರಗತಿಯಲ್ಲಿ ನಿಂತ ಮೇಲೆ ಅದರ ಬೆಲೆ ತಿಳಿಯಿತು. ಚಿತ್ರಕ್ಕೂ ಪಾಠಟಿಪ್ಪಣಿ ಬೇಕು.

ಮೊದಲನೆಯದು ಸ್ಥಳ. ಹಾಸನದಿಂದ ಉಳಿದ ಮೂರು ಊರುಗಳಲ್ಲಿ ಯಾವುದಕ್ಕೇ ಹೋದರೂ ಮೂವತ್ತು, ನಲವತ್ತು ಕಿಲೋಮೀಟರು. ಸಾಮಾನು ಕಟ್ಟಿ, ಸಾಗಿಸಿ, ಬಿಚ್ಚುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅವರ ಕಥೆಗೆ ಬೇಕಾದದ್ದು ಹೊಳೆಯ ದಡ, ತೆಂಗಿನ ತೋಟ, ಹೆಂಚಿನ ಮನೆ, ಶಾಲೆಯ ಜಗಲಿ. ಹೊಳೆನರಸೀಪುರದ ಆಸುಪಾಸಿನಲ್ಲಿ ಹೇಮಾವತಿಯ ದಡದ ಒಂದೇ ಊರಿನಲ್ಲಿ ಇವೆಲ್ಲ ಸಿಗುತ್ತವೆ. ನಾಲ್ಕು ತಾಲ್ಲೂಕು ತಿರುಗುವ ಆಸೆಗೆ ತೆರುವ ಬೆಲೆ ಮೂರು ದಿನ.

ಎರಡನೆಯದು ಕಾಲ. ರಾಗಿ ಹಸಿರಾಗಿರುವಾಗ ಒಂದು ದೃಶ್ಯ ತೆಗೆದು, ಅದರ ಮುಂದುವರಿದ ಭಾಗಕ್ಕೆ ಡಿಸೆಂಬರಿನಲ್ಲಿ ಬಂದರೆ ಅಲ್ಲಿರುವುದು ಕೂಳೆ ಮಾತ್ರ. ಅರಕಲಗೂಡಿನ ಪಶ್ಚಿಮದ ಕಡೆ ಮೋಡ ಕವಿದು ಸುರಿಯುತ್ತಿರುವಾಗ ಚನ್ನರಾಯಪಟ್ಟಣದಲ್ಲಿ ಬಿಸಿಲು ಕಾಯುತ್ತಿರುತ್ತದೆ. ಪಂಪ್‌ಸೆಟ್ಟು ಯಾವ ಹೊತ್ತಿಗೆ ಓಡುತ್ತದೆ, ದೇವಸ್ಥಾನದ ಧ್ವನಿವರ್ಧಕ ಎಷ್ಟು ಗಂಟೆಗೆ ಶುರುವಾಗುತ್ತದೆ, ಬಸ್ಸು ಯಾವಾಗ ಬಂದು ತಿರುಗುತ್ತದೆ, ಇವನ್ನೆಲ್ಲ ಒಂದು ವಾರ ಕುಳಿತು ಬರೆದುಕೊಂಡರೆ ಸ್ಥಳದಲ್ಲೇ ಧ್ವನಿ ಹಿಡಿಯುವ ತಂಡಕ್ಕೆ ಒಂದು ದಿನವಾದರೂ ಉಳಿಯುತ್ತದೆ.

ಮೂರನೆಯದು ಮಾತು. ಅವರ ಸಂಭಾಷಣೆಯಲ್ಲಿ ಎಲ್ಲ ಪಾತ್ರಗಳೂ ಒಂದೇ ಬಗೆಯ ‘ಹಳ್ಳಿ ಭಾಷೆ’ ಆಡುತ್ತಿದ್ದವು. ಹಳ್ಳಿಗೊಂದು ಭಾಷೆಯುಂಟೇ? ಚನ್ನರಾಯಪಟ್ಟಣದಿಂದ ತುಮಕೂರು ಸೀಮೆಯತ್ತ ಹೋದಂತೆ ‘ಐತೆ’ ಎನ್ನುವವರು ಹೆಚ್ಚು. ಹೊಳೆನರಸೀಪುರದಿಂದ ಮೈಸೂರು ಸೀಮೆಯತ್ತ ‘ಅದೆ’ ಎನ್ನುವವರು ಹೆಚ್ಚು. ಜಾತಿ, ವಯಸ್ಸು, ಓದುಗಳಿಗೆ ತಕ್ಕಂತೆ ಮತ್ತೂ ಬೇರೆ. ಇದನ್ನು ನಾನು ಕೆಂಪು ಶಾಯಿಯಿಂದ ತಿದ್ದಿಕೊಡಲಾರೆ. ಪಾತ್ರ ಮಾಡುವವರ ಮನೆಯ ಜಗಲಿಯ ಮೇಲೆ ಕುಳಿತು, ಸನ್ನಿವೇಶ ಹೇಳಿ, ಅವರ ಬಾಯಿಂದಲೇ ಬರಿಸಿಕೊಳ್ಳಬೇಕು. ಹಾಗೆ ಬರಿಸಿಕೊಂಡ ಮಾತನ್ನು ಅವರು ಮರೆಯುವುದಿಲ್ಲ. ಕ್ಯಾಮೆರಾದ ಎದುರು ಹದಿನೇಳು ಸಲ ಹೇಳಿಸುವ ಪ್ರಸಂಗ ಬರುವುದಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 2004ರಲ್ಲಿ ತೆಗೆದ ‘ಹಸೀನಾ’ವನ್ನು ನೋಡಿ, ಬದುಕನ್ನು ಹತ್ತಿರದಿಂದ ಕಂಡ ಬರಹವೊಂದು ಬುನಾದಿಯಾಗಿದ್ದರೆ ಚಿತ್ರಕ್ಕೆ ಎಷ್ಟು ಬಲ ಬರುತ್ತದೆಂಬುದು ತಿಳಿಯುತ್ತದೆ.

ಇಷ್ಟೆಲ್ಲ ಕೇಳಿ ಹುಡುಗರು ಸ್ವಲ್ಪ ಮುನಿಸಿನಿಂದಲೇ ಹೊರಟರು. ನನ್ನಾಕೆ, “ಮನೆಗೆ ಬಂದ ಮಕ್ಕಳಿಗೆ ಪರೀಕ್ಷೆ ಇಟ್ಟು ಕಳಿಸಿದಿರಲ್ಲ” ಎಂದಳು. ರಾತ್ರಿ ನನಗೂ ಕಸಿವಿಸಿಯಾಯಿತು. ಅಂದು ಅರಕಲಗೂಡಿನಲ್ಲಿ ಸುಲಭವಾಗಿ ಹೌದು ಎಂದುಬಿಟ್ಟ ತಪ್ಪಿಗೆ ಇಂದು ಈ ಹುಡುಗನನ್ನು ದಂಡಿಸಿದೆನೇ ಎಂದೂ ಅನ್ನಿಸಿತು.

ಐದು ವಾರ ಕಳೆದ ಮೇಲೆ ಅವನೇ ದೂರವಾಣಿ ಮಾಡಿದನು. “ಸರ್, ಹದಿಮೂರಕ್ಕೆ ಇಳಿಸಿದ್ದೇವೆ. ಇನ್ನೊಂದು ದಿನ ಏನು ಮಾಡಿದರೂ ಇಳಿಯುತ್ತಿಲ್ಲ. 30,000 ಕಡಿಮೆ ಬೀಳುತ್ತದೆ” ಎಂದನು. ಅದನ್ನು ಎಲ್ಲಿಂದ ತೆಗೆಯುತ್ತೀಯೆ ಎಂದು ಕೇಳಿದೆ. ಚಿತ್ರೋತ್ಸವಗಳ ಪಟ್ಟಿಯನ್ನು ಮೊಟಕು ಮಾಡಿದ್ದಾನಂತೆ. ‘ಸ್ಥಳೀಯ ಸಹಕಾರ’ ಎಂಬ ಸಾಲಿನ ಎದುರು ಈಗ 1,30,000 ಇದೆ. ಮುಂದಿನ ತಿಂಗಳು ಊರು ನೋಡಲು ಅವನೊಡನೆ ನಾನೂ ಹೋಗುತ್ತಿದ್ದೇನೆ. ಚಿತ್ರ ಹೇಗೆ ಬರುವುದೋ ಹೇಳಲಾರೆ. ಆದರೆ ಈ ಸಲ ಊರವರ ಮುಂದೆ ನಿಂತು ಮಾತನಾಡಲು ನನ್ನ ನಾಲಿಗೆ ತಡವರಿಸುವುದಿಲ್ಲ.

ಇದನ್ನು ಓದುವ ನನ್ನ ಶಿಷ್ಯರಲ್ಲಿ ಹಲವರು ಇಂದು ಪಂಚಾಯತಿ ಸದಸ್ಯರು, ಮುಖ್ಯೋಪಾಧ್ಯಾಯರು, ತೋಟದ ಯಜಮಾನರು. ನಿಮ್ಮ ಊರಿಗೆ ಇಂಥ ತಂಡ ಬಂದರೆ ಓಡಿಸಬೇಡಿ. ಬರಮಾಡಿಕೊಳ್ಳಿ, ಒಂದು ಹೊತ್ತು ಊಟ ಹಾಕಿ. ಬಳಿಕ ಖರ್ಚಿನ ಪಟ್ಟಿಯನ್ನು ಕೇಳಿ. ದೂರದೇಶಗಳಲ್ಲಿರುವ ಬಂಧುಗಳೇ, ನಿಮ್ಮ ಬಳಿ ಊರಿನ ಹುಡುಗರು ಚಿತ್ರಕ್ಕೆಂದು ಹಣ ಕೇಳಿದರೆ ಧಾರಾಳವಾಗಿ ಕೊಡಿ. ಕೊಡುವ ಮುನ್ನ ಆ ಪಟ್ಟಿಯಲ್ಲಿ ಊರವರ ಸಾಲು ಎಲ್ಲಿದೆ, ಅದರ ಎದುರು ಏನು ಬರೆದಿದೆ ಎಂಬುದನ್ನು ಒಮ್ಮೆ ನೋಡಿ. ಸೊನ್ನೆಯಿದ್ದರೆ ಕಾಗದವನ್ನು ಹಿಂದಿರುಗಿಸಿ, ತಿದ್ದಿ ತರಲು ಹೇಳಿ. ನಿಮ್ಮ ಮೇಷ್ಟರು ನಿಮಗೆ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?